ಕಾಣದ ಬೆಳಕಿನ ಪೆಟ್ಟಿಗೆ

ಮಿರ್ಲೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಬಿಸಿಯೂಟ ಮಾಡುತ್ತಿದ್ದೆ. ಮೊದಲು ಬೆರಳ ತುದಿ ಬೆಳ್ಳಗಾಯಿತು, ಆಮೇಲೆ ತುಟಿಯ ಅಂಚು, ಮೊಣಕೈ. ತೊನ್ನು. ಅಂಟುವ ಕಾಯಿಲೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಇಬ್ಬರು ತಾಯಂದಿರು ಮಕ್ಕಳಿಗೆ ಮನೆಯಿಂದಲೇ ಬುತ್ತಿ ಕಟ್ಟಿ ಕಳಿಸತೊಡಗಿದರು. ಹೆಡ್‌ಮಾಸ್ಟರು ನೆಲ ನೋಡುತ್ತಾ, "ವಾಸಿ ಆಗೋವರ್ಗೂ ಮನೇಲಿರಮ್ಮ" ಅಂದರು. ಸೌಟು ತೊಳೆದಿಟ್ಟು ಬಂದೆ. ಅಳು ಬರಲಿಲ್ಲ.

ಅವ್ವ ತೊನ್ನಿಗೆ ನಾಟಿ ಮದ್ದೆಂದು ಬಾವಂಚಿ ಬೀಜದ ಎಣ್ಣೆ ಹಚ್ಚಿ ನಡು ಮಧ್ಯಾಹ್ನದ ಬಿಸಿಲಲ್ಲಿ ಕೂರಿಸಿದಳು. "ಉರುದ್ರೆ ಉರೀಲಿ ಕಣವ್ವ, ಬಣ್ಣ ಬತ್ತದೆ." ಬಣ್ಣ ಬರಲಿಲ್ಲ, ಬೊಬ್ಬೆ ಬಂತು. ಅದನ್ನು ತೋರಿಸಲು ಹೋದಾಗ ಮೈಸೂರಿನ ಚರ್ಮದ ಡಾಕ್ಟರು ಬೈದರು.

"ಬಿಸಿಲಲ್ಲಿರೋ ಕಿರಣಾನೇ ಇದಕ್ಕೆ ಮದ್ದು. ಆದ್ರೆ ಅಳತೆ ಬೇಕಲ್ಲಮ್ಮ."

ನೇರಳೆ ಬಣ್ಣದಿಂದಾಚೆಗೆ, ಕಣ್ಣಿಗೆ ಕಾಣದ ಬೆಳಕಂತೆ ಅದು. ಅದಕ್ಕೇ ನೇರಳಾತೀತ ಎಂಬ ಹೆಸರು. ನೀರಿನ ಫಿಲ್ಟರಿನಲ್ಲಿ ಕ್ರಿಮಿ ಸಾಯುವುದೂ, ಬ್ಯಾಂಕಿನವರು ಖೋಟಾ ನೋಟು ಹಿಡಿಯುವುದೂ ಇದೇ ಜಾತಿಯ ಬೆಳಕಿನಿಂದ ಎಂದರು. ನಾನು ಹೂಂ ಅಂದೆ.

ವಾರಕ್ಕೆರಡು ದಿನ ಕೆ.ಆರ್. ನಗರಕ್ಕೆ ಬಂದು ಮೈಸೂರಿನ ಬಸ್ಸು ಹಿಡಿಯುತ್ತಿದ್ದೆ. ಆಸ್ಪತ್ರೆಯಲ್ಲಿ ಬೀರುವಿನಂಥ ಪೆಟ್ಟಿಗೆ, ಒಳಗೆ ಸುತ್ತಲೂ ಆ ಬೆಳಕಿನ ಟ್ಯೂಬ್‌ಲೈಟು. ಕಪ್ಪು ಕನ್ನಡಕ ಹಾಕಿ ನಿಂತರೆ ನರ್ಸು ಬಾಗಿಲು ಮುಚ್ಚುವಳು. ಮೊದಮೊದಲು ಒಂದು ನಿಮಿಷವೂ ನಿಲ್ಲಿಸುತ್ತಿರಲಿಲ್ಲ. ಫ್ಯಾನಿನ ಸದ್ದು, ಮೈಗೆ ಒಂದಿಷ್ಟು ಬೆಚ್ಚಗೆ, ಅಷ್ಟೇ.

"ಉರೀತಾ?"

"ಇಲ್ಲ."

ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ.

ಆ ನಡುವೆ ಅವ್ವ ತೀರಿಕೊಂಡಳು. ಎದೆ ಹಿಡಿದಂತಾಗಿ ಜಗಲಿಯ ಮೇಲೆ ಕೂತವಳು ಏಳಲಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ.

"ಇಷ್ಟು ದಿನ ಯಾಕೆ ಬರ್ಲಿಲ್ಲ?" ಎಂದಳು ನರ್ಸು.

"ಮನೇಲಿ ಕೆಲ್ಸ ಇತ್ತು ಕಣ್ರೀ."

ಬಿಟ್ಟುಬಿಟ್ಟು ಬಂದರೆ ಮೈ ಸುಡುತ್ತದೆ ಎಂದು ಅವಳು ಸಮಯ ಕಡಿಮೆ ಮಾಡಿದಳು. ನಾನು ಕನ್ನಡಕ ಹಾಕಿಕೊಂಡೆ.

ವರ್ಷ ತುಂಬುವ ಹೊತ್ತಿಗೆ ಮೊಣಕೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಬಣ್ಣ ಬಂದು ಕೂಡಿಕೊಂಡಿತು. ತುಟಿಯ ಅಂಚೂ ಅಷ್ಟಿಷ್ಟು ತುಂಬಿತು. ಬೆರಳು ಮಾತ್ರ ಹಾಗೇ ಉಳಿದವು. ಕೂದಲ ಬುಡವಿಲ್ಲದ ಜಾಗಕ್ಕೆ ಬಣ್ಣ ಮರಳುವುದು ಕಷ್ಟ ಎಂದರು ಡಾಕ್ಟರು. ಹೋಗುವುದನ್ನು ನಿಲ್ಲಿಸಿದೆ.

ಜೂನಿನಲ್ಲಿ ಶಾಲೆ ತೆರೆದ ದಿನ ಹೋಗಿ ನಿಂತೆ. ಹೆಡ್‌ಮಾಸ್ಟರು ಮುಖ ನೋಡಿದರು, ಆಮೇಲೆ ಕೈ.

"ಪೂರ್ತಿ ವಾಸಿ ಆಗ್ಲಿಲ್ವಾ?"

"ಆಗೋದೇ ಇಷ್ಟು ಸಾ. ಇನ್ಮೇಲೆ ಇದೇ ಕೈ."

ಅವರು ಮೇಜಿನ ಖಾನೆ ಎಳೆದು ಅಡುಗೆಮನೆಯ ಬೀಗದಕೈ ಕೊಟ್ಟರು. ಅಕ್ಕಿ ತೊಳೆದೆ, ಬೇಳೆ ಬೇಯಲಿಟ್ಟೆ. ಗೆದ್ದೆ ಅನ್ನಿಸಲಿಲ್ಲ, ಏನೂ ಅನ್ನಿಸಲಿಲ್ಲ. ಬುತ್ತಿ ತರುತ್ತಿದ್ದ ಹುಡುಗಿ ಅಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು.

"ಇನ್ನೊಸಿ ಸಾರು ಬುಡಿ ಆಂಟಿ" ಅಂದಳು. ಬಿಟ್ಟೆ.