ಗೆರೆ ಹೋಗದೆ ಕಾಗದ ಕೊಡದ ಸುಮೇರಾ

ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಸುಮೇರಾ ಯಾರ ತಪ್ಪನ್ನಾದರೂ ಕ್ಷಮಿಸುತ್ತಾಳೆ, ಪಿಡಿಎಫ್ ಮಾಡಿದಾಗ ಕೋಷ್ಟಕದೊಳಗೆ ತಾನಾಗಿ ಬಂದು ಕೂರುವ ಕೂದಲೆಳೆಯಂಥ ಬಿಳಿ ಗೆರೆಯನ್ನು ಮಾತ್ರ ಕ್ಷಮಿಸುವುದಿಲ್ಲ. ಅದು ಕಂಡರೆ ಮೂಗು ಪರದೆಗೆ ತಾಗುವಷ್ಟು ಬಗ್ಗುತ್ತಾಳೆ, ಬಾರ್ಡರ್ ತೆಗೆಯುತ್ತಾಳೆ, ಮತ್ತೆ ಪಿಡಿಎಫ್ ಮಾಡುತ್ತಾಳೆ, ಟೀ ಆರಿ ಕೆನೆಗಟ್ಟಿದರೂ ಏಳುವುದಿಲ್ಲ. ಮೊನ್ನೆ ಅಜ್ಜಂಪುರದ ಪಂಚಾಕ್ಷರಪ್ಪ ಹೆಂಡತಿ ತೀರ್ಥಮ್ಮನ ಮಾತ್ರೆಗಳ ವೇಳಾಪಟ್ಟಿ ಮಾಡಿಸಲು ಬಂದಿದ್ದರು. "ಬಸ್ ಹೊಂಟೋಯ್ತದೆ ಕಣವ್ವಾ, ಒಂದ್ ಗೆರೆ ತಾನೇ, ಇರ್ಲಿ ಬಿಡು," ಎಂದರು. "ಇನ್ನೊಂದ್ ಬಸ್ ಐತೆ, ಕೂತ್ಕಳ್ಳಿ ಯಜಮಾನ್ರೇ. ಗೆರೆ ಹೋಗ್ದೆ ಕಾಗ್ದ ಕೊಡಲ್ಲ," ಎಂದಳು ಸುಮೇರಾ. ಹಟಮಾರಿ ಎಂದು ಅಕ್ಕಪಕ್ಕದ ಅಂಗಡಿಯವರಾದ ನಾವು ನಗುತ್ತೇವೆ. ಆದರೆ ಹೋದ ವರ್ಷ ಅವಳೇ ಮಾಡಿಕೊಟ್ಟ ಇಂಥದ್ದೊಂದು ಪಟ್ಟಿಯಲ್ಲಿ, ಬೆಳಗಿನ ಮಾತ್ರೆಗಳ ನಡುವೆ ಬಂದಿದ್ದ ಬೇಡದ ಗೆರೆಯನ್ನು ನೋಡಿ, ಬೆಳಗಿನದು ಅಲ್ಲಿಗೇ ಮುಗಿಯಿತೆಂದುಕೊಂಡು ಅವಳ ತಾಯಿ ಮಹಬೂಬ್ ಬಿ ದಿನವೂ ಗೆರೆಯ ಕೆಳಗಿದ್ದ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದ್ದರು. ಮೊನ್ನೆ ಕೊನೆಗೆ, ಕೋಷ್ಟಕದ ಒಂದೊಂದು ಮನೆಗೂ ಬೇರೆಬೇರೆಯಾಗಿ ತುಂಬಿದ್ದ ಬಣ್ಣವನ್ನು ಅಳಿಸಿ, ಬೆಳಗಿನ ಭಾಗಕ್ಕೆಲ್ಲ ಹಿನ್ನೆಲೆಯಾಗಿ ಒಂದೇ ಬಣ್ಣ ಹಾಸಿದಾಗ ಸಂದಿನ ಗೆರೆ ಮಾಯವಾಯಿತು. ಸುಮೇರಾ ಪ್ರಿಂಟ್ ತೆಗೆದು, ಪಕ್ಕದಲ್ಲಿ ಕೂತಿದ್ದ ತಾಯಿಗೆ ಕೊಟ್ಟಳು. ಮಹಬೂಬ್ ಬಿ ಕನ್ನಡಕ ಏರಿಸಿ, ಸಾಲುಸಾಲಿಗೂ ಬೆರಳಿಟ್ಟು, ತೀರ್ಥಮ್ಮನ ಮಾತ್ರೆಗಳನ್ನೆಲ್ಲ ಗಟ್ಟಿಯಾಗಿ ಓದಿ ಮುಗಿಸಿದ ಮೇಲೆಯೇ ಪಂಚಾಕ್ಷರಪ್ಪನವರ ಕೈಗೆ ಕಾಗದ ಬಂತು.