ಹಸಿರು ಬಳೆಯ ಕೈ

ಈರಮ್ಮ, ನಿಮ್ಮವ್ವ ತೀರಿಕೊಂಡ ದಿನ ಮಧ್ಯಾಹ್ನ ನಾನು ಆಕೆಯ ಬೆರಳನ್ನು ಮುಟ್ಟಲೇ ಇಲ್ಲ. ಮುಟ್ಟಿ ನೋಡಿದೆನೆಂದು ಚಾರ್ಟಿನಲ್ಲಿ ಬರೆದೆ. ನಿನಗೂ ಹಾಗೇ ಹೇಳಿದೆ.

ಕೊರೊನಾದ ಎರಡನೇ ವರ್ಷ. ಆದೋನಿಯ ನಮ್ಮ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಒಂದು ಪಾಳಿಗೆ ಒಂದೇ ಪಿಪಿಇ ಕಿಟ್. ಬೆಳಿಗ್ಗೆ ಅದನ್ನು ತೊಟ್ಟು ವಾರ್ಡಿನೊಳಗೆ ಹೋಗಿ ಬಂದರೆ ಮುಗಿಯಿತು, ಮಧ್ಯಾಹ್ನದ್ದೆಲ್ಲ ಹೊರಗಿನಿಂದಲೇ. ಹಾಸಿಗೆಗಳು ಕಿಟಕಿಯ ಸಾಲಿಗಿದ್ದವು, ಗಾಜಿನ ಕೆಳಗಿನ ಅರ್ಧಕ್ಕೆ ಬಿಳಿ ಬಣ್ಣ ಬಳಿದಿತ್ತು. ನಾವು ವರಾಂಡದಲ್ಲಿ ನಿಂತು ಬೆಡ್ ನಂಬರ್ ಕೂಗಿದರೆ, ಒಳಗಿನವರು ಆಕ್ಸಿಮೀಟರ್ ಸಿಕ್ಕಿಸಿಕೊಂಡ ಬೆರಳನ್ನು ಬಣ್ಣದ ಮೇಲಕ್ಕೆ ಎತ್ತಿ ತೋರಿಸುತ್ತಿದ್ದರು.

ಎರಡನೇ ಬೆಡ್ ಎಂದೆ. ಹಸಿರು ಬಳೆಗಳ ಕೈ ಎದ್ದಿತು — ಹತ್ತಿ ವ್ಯಾಪಾರಿಯ ಹೆಂಡತಿಯದು. ತೊಂಬತ್ತಾರು. ಮೂರನೇ ಬೆಡ್ ಎಂದೆ, ಅದು ನಿಮ್ಮವ್ವನದು. ಸ್ವಲ್ಪ ತಡವಾಗಿ ಕೈ ಎದ್ದಿತು. ಮತ್ತೆ ತೊಂಬತ್ತಾರು. ಮತ್ತೆ ಅದೇ ಹಸಿರು ಬಳೆ.

ನಿಮ್ಮಪ್ಪ ಹೋದ ಮೇಲೆ ನಿಮ್ಮವ್ವ ಬಳೆ ತೊಟ್ಟವಳಲ್ಲ. ಬೆಳಿಗ್ಗೆಯಷ್ಟೇ ಆ ಬರಿಗೈ ಹಿಡಿದು ತೊಂಬತ್ತೊಂದು ಬರೆದುಕೊಂಡಿದ್ದೆ. ಆಕ್ಸಿಜನ್ ಇನ್ನೂ ಇಳಿದರೆ ಕರ್ನೂಲಿನ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಕರ್ನೂಲಿಗೆ ಹೋದವರು ಹೆಣವಾಗಿಯೇ ಬರುತ್ತಾರೆಂದು ವಾರ್ಡಿಗೆಲ್ಲ ಹೆದರಿಕೆ. "ನನ್ನ ಅಲ್ಲಿಗೆ ಕಳಿಸಬ್ಯಾಡ್ರವ್ವಾ" ಎಂದು ಆಕೆ ಬೇಡಿಕೊಂಡಿದ್ದಳು. ಪಕ್ಕದ ಹೆಂಗಸು ಕನಿಕರಪಟ್ಟು ತನ್ನ ಕೈ ಎತ್ತಿದಳು. ಅದರ ಅಪಾಯ ಅವಳಿಗೆ ತಿಳಿಯದು. ನನಗೆ — ತಿಳಿದಿತ್ತು. ಬೀರುವಿನಲ್ಲಿ ಸಂಜೆ ಪಾಳಿಯವಳ ಕಿಟ್ ಇತ್ತು, ಕೇಳಿದ್ದರೆ... ಕೇಳಲಿಲ್ಲ. ಆ ಕೋಣೆಗೆ ಇನ್ನೊಮ್ಮೆ ಕಾಲಿಡಲು ನನಗೆ ಭಯವಾಗಿತ್ತು. ತೊಂಬತ್ತಾರು ಎಂದು ಬರೆದೆ.

ಗೇಟಿನ ಹತ್ತಿರ ನೀನು ಕೇಳಿದೆ: "ಅವ್ವ ಹ್ಯಾಂಗದಾಳ್ರಿ ಸಿಸ್ಟರ್?"

"ಚಲೋ ಅದಾಳ. ತೊಂಬತ್ತಾರು ಐತಿ. ಟೆನ್ಷನ್ ತಗೋಬ್ಯಾಡ, ಊರಿಗೆ ಹೋಗು."

ನೀನು ಕೈಮುಗಿದು ಪೆದ್ದಹರಿವಾಣದ ಆಟೋ ಹತ್ತಿದೆ. ನಾಲ್ಕು ಗಂಟೆಗೆ ಕರ್ನೂಲಿಗೆ ಹೊರಟ ಆಂಬುಲೆನ್ಸಿನಲ್ಲಿ ಒಂದು ಜಾಗ ಖಾಲಿಯೇ ಹೋಯಿತು. ಹೊತ್ತು ಮುಳುಗುವಷ್ಟರಲ್ಲಿ ನಿಮ್ಮವ್ವ ಇರಲಿಲ್ಲ.

ಈಗ ಊರಲ್ಲಿ ಮತ್ತೆ ಜ್ವರ. ಅದೇ ವಾರ್ಡು ತೆರೆದಿದ್ದಾರೆ, ನಿನ್ನ ಮಗಳೂ ಅಲ್ಲೇ ಮಲಗಿದ್ದಾಳೆ. ಕಿಟಕಿಯ ಬಣ್ಣವನ್ನು ಯಾರೂ ಕೆರೆದಿಲ್ಲ. ಇವತ್ತು ಹೊಸ ಸಿಸ್ಟರ್ ಒಬ್ಬಳು ವರಾಂಡದಿಂದ ನಂಬರ್ ಕೂಗುವುದು ಕೇಳಿಸಿತು. ಒಳಗೆ ಓಡಿ ನಿನ್ನ ಮಗಳ ಬೆರಳನ್ನು ನಾನೇ ಹಿಡಿದು ನೋಡಿದೆ — ಬೆಳಿಗ್ಗೆಗಿಂತ ಇಳಿದಿತ್ತು. ಡಾಕ್ಟರು ಕರ್ನೂಲಿಗೆ ಎಂದರು. ನೀನು ಒಪ್ಪಲಿಲ್ಲ. "ಕರ್ನೂಲು ಬ್ಯಾಡ್ರಿ. ಅವ್ವನ್ನ ಕಡೀತನಕ ನೀವೇ ನೋಡಿದ್ರಿ, ಇಕೀನೂ ನೀವೇ ನೋಡ್ರಿ" ಎಂದೆ.

ನೋಡಲಿಲ್ಲ, ಈರಮ್ಮ. ಬಾಯಿಬಿಟ್ಟು ಹೇಳಲು ಎರಡು ಸಲ ಬಂದು ನಿನ್ನ ಮುಖ ನೋಡಿ ಹಿಂತಿರುಗಿದೆ. ಅದಕ್ಕೇ ಈ ಚೀಟಿ. ಆಂಬುಲೆನ್ಸ್ ಗೇಟಿನಲ್ಲಿ ನಿಂತಿದೆ. ನನ್ನನ್ನು ಆಮೇಲೆ ಬೈಯಿ, ಬೇಕಾದವರಿಗೆ ಹೇಳು. ಮೊದಲು ಮಗಳನ್ನು ಹತ್ತಿಸು.