ಹೆಳವ ಹೇಳದ ಹೆಸರು

ನಮ್ಮ ಅತ್ತೆಯ ಬೆರಳ ತುದಿಗಳಲ್ಲಿ ಚರ್ಮವೇ ನಿಲ್ಲುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿ ಬಿಡಿಸಿ ಸುಲಿದು ಕೆಂಪಗಾಗಿದ್ದವು. ಅದೇ ಕೈಯಲ್ಲಿ ನನಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಕಣ್ಣುರಿದು ಅತ್ತರೆ, "ಅಳು, ಅಳು. ಕಣ್ಣು ಸ್ವಚ್ಛ ಆಗ್ತಾವ" ಎಂದು ಬೆನ್ನಿಗೊಂದು ಬಿಡುತ್ತಿದ್ದಳು. ನನ್ನ ಹೆತ್ತವಳು ಬಾಣಂತನದಲ್ಲೇ ಹೋದಳು. ಸಾಕಿದವಳು ಇವಳೇ.

ಅವಳು ಅಪ್ಪನ ಒಡಹುಟ್ಟಿದವಳಲ್ಲ. ಅಜ್ಜಿಯ ಕೂಸೊಂದು ರಾಣೆಬೆನ್ನೂರಿನ ದವಾಖಾನೆಯಲ್ಲಿ ಹುಟ್ಟುತ್ತಲೇ ಸತ್ತಾಗ, ಅಲ್ಲಿ ಯಾರೋ ಬಿಟ್ಟುಹೋಗಿದ್ದ ಕೂಸನ್ನು ಎತ್ತಿಕೊಂಡು ಬಂದಳಂತೆ. ಮೊಲೆಹಾಲು ಕೊಟ್ಟಳು, ಹೆಸರಿಟ್ಟಳು, ಕೈ ಬಲಿತ ಕೂಡಲೇ ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸಿದಳು.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಮನೆತನದ ಹಿರಿಯರನ್ನೆಲ್ಲ, ಇಂಥವನ ಹೆಂಡತಿ ಇಂಥವಳು, ಅವರ ಮಕ್ಕಳು ಇಂಥವರು ಎಂದು ಬಾಯಿಪಾಠ ಹೇಳುವುದು ಅವರ ಕಸುಬು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಬೈಕಿನ ಮೇಲೆ. ಯಜಮಾನಿ ಮೊರದ ತುಂಬ ಜೋಳ ಹಿಡಿದು ಹೊಸ್ತಿಲಿಗೆ ಬಂದರೆ ಹೇಳಲು ಶುರು.

ಕುಪ್ಪೇಲೂರಿನಿಂದ ಗಂಡಿನವರು ಅತ್ತೆಯನ್ನು ನೋಡಲು ಬಂದ ದಿನ ಅಜ್ಜಿ ಬೇಕೆಂದೇ ಹೆಳವನನ್ನು ಕರೆಸಿದಳು. ನಾನಾಗ ಶಾಲೆಗೆ ಹೋಗುತ್ತಿದ್ದೆ. ಅವನು ಮುತ್ತಜ್ಜನಿಂದ ಹಿಡಿದು ನನ್ನವರೆಗೆ ಹೇಳಿ ನಿಲ್ಲಿಸಿದ.

"ಮತ್ತ ಈ ಹುಡುಗಿ ಹೆಸರು?" ಎಂದಳು ಗಂಡಿನ ತಾಯಿ.

"ಆಕಿ ಈ ಬಳ್ಳಿಯಾಕಿ ಅಲ್ರಿ" ಎಂದ ಹೆಳವ.

ಬಂದವರು ಚಹಾ ಮುಟ್ಟದೆ ಎದ್ದರು. ಸಾಕುಮಗಳೆಂದು ಮೊದಲೇ ಹೇಳಿದ್ದರೆ ಒಪ್ಪುತ್ತಿದ್ದರೇನೋ. ಅಜ್ಜಿ ಹೇಳಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಅಪ್ಪನಿಗೆ ಅಂದಳು: "ಈಕಿ ಹೋದ್ರ ತುಂಬು ಬಿಡಿಸೋರು ಯಾರು? ನಿನ್ನ ಮಗಳನ್ನ ನೋಡೋರು ಯಾರು?" ಮುದುಕಿ ಅಂಥ ಪಾಪಿ! ಅತ್ತೆಗೂ ಅದು ಕೇಳಿಸಿತ್ತು. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋಗಿ ತೊಳೆದಳು. ಮತ್ತೆ ಯಾರೂ ನೋಡಲು ಬರಲಿಲ್ಲ.

ಮುಂದೆ ಅಜ್ಜಿ ಲಕ್ವಾ ಹೊಡೆದು ಹಾಸಿಗೆ ಹಿಡಿದಳು. ಹೇಲು ಉಚ್ಚೆ ಬಳಿದವಳು ಅತ್ತೆಯೇ. ಸಾಯುವ ಮುಂಚೆ ಮನೆತನದ ಸಾಲಿನಲ್ಲಿ ತನ್ನ ಹೆಸರನ್ನು ಇನ್ನೊಮ್ಮೆ ಕೇಳಬೇಕೆಂಬುದೊಂದೇ ಅಜ್ಜಿಯ ಹಂಬಲವಾಗಿತ್ತು. ಹೆಳವ ಬಂದ. ಅತ್ತೆ ಮೊರ ಹಿಡಿದು ಹೊಸ್ತಿಲಿಗೆ ಹೋದಳು.

"ಹೇಳ್ರಿ. ಆದ್ರ ಒಳಗ ಮಲಗ್ಯಾಳಲ್ಲ, ಆಕಿ ಹೆಸರು ಬಿಟ್ಟು ಹೇಳ್ರಿ. ಬಿಡೋದು ನಿಮಗ ರೂಢಿ ಐತಿ."

ಹೆಳವ ಮೊರ ನೋಡಿದ, ಹೇಳಿದ. ಅಜ್ಜನ ಹೆಸರಿನಿಂದ ನೇರ ಅಪ್ಪನ ಹೆಸರಿಗೆ ಹಾರಿದಾಗ ಒಳಗಿನಿಂದ "ನಾ... ನಾ..." ಎಂದು ಸೊಟ್ಟ ಬಾಯಿಯ ಕೂಗು ಕೇಳಿಸಿತು. ಅತ್ತೆ ನಕ್ಕಳು. ಅವಳು ಹಾಗೆ ಮನಸಾರೆ ನಕ್ಕದ್ದನ್ನು ನಾನು ಬೇರೆಂದೂ ಕಂಡಿಲ್ಲ. ಆಮೇಲೆ ಒಳಗೆ ಹೋಗಿ ಮುದುಕಿಯ ಬಾಯಿ ಒರೆಸಿ ಗಂಜಿ ಕುಡಿಸಿದಳು. ಅಜ್ಜಿ ಆ ವಾರವೇ ಸತ್ತಳು.

ಅತ್ತೆ ಹೋದದ್ದು ಹೋದ ವರ್ಷ, ಉಬ್ಬಸದಿಂದ. ಮೆಣಸಿನಕಾಯಿಯ ಘಾಟು ಎದೆಯಲ್ಲೇ ಕೂತಿತ್ತು. ಈ ಸುಗ್ಗಿಗೆ ಹೆಳವ ಬಂದಾಗ ಮೊರ ಹಿಡಿದವಳು ನಾನು. "ನಮ್ಮ ಅತ್ತಿ ಹೆಸರೂ ಹೇಳ್ರಿ" ಅಂದೆ.

"ಯಾರ ಮಗಳು ಅಂತ ಹೇಳ್ಲೆವ್ವಾ?"

ಅಜ್ಜಿಯ ಹೆಸರು ನಾಲಿಗೆಯ ತುದಿಗೆ ಬಂತು. ಅತ್ತೆ ಇದ್ದಿದ್ದರೆ ಬೆನ್ನಿಗೊಂದು ಬಿಡುತ್ತಿದ್ದಳು. ನುಂಗಿಕೊಂಡೆ. ಅತ್ತೆಯನ್ನು ಹೆತ್ತವಳ ಹೆಸರು ಯಾರಿಗೂ ಗೊತ್ತಿರಲಿಲ್ಲ.

"ಹಂಗಾರ ಯಾರ ಹೆಸರೂ ಬ್ಯಾಡ್ರಿ" ಎಂದು ಜೋಳದ ಮೊರವನ್ನು ಒಳಗೊಯ್ದೆ.